ರೋಮಿನಲ್ಲಿ ದಾರಿ ತಪ್ಪಿದವರು

ಬಿಬಿಸಿಯ 'ಡಾಕ್ಟರ್ ಹೂ' ಧಾರಾವಾಹಿಯನ್ನು ನಮ್ಮ ಸಂಘದ ಮಕ್ಕಳಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಹಿರಿಯರಿಗಾಗಿ ಒಂದೆರಡು ಮಾತು ಹೇಳುತ್ತೇನೆ. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುವ ಒಬ್ಬ ವಿಚಿತ್ರ ಮನುಷ್ಯ, ಹೊರಗಿನಿಂದ ನೋಡಿದರೆ ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆಯಂತಿರುವ ಅವನ ಯಂತ್ರ, ಆಗಾಗ ಬದಲಾಗುವ ಸಂಗಾತಿಗಳು. 1965ರ ಜನವರಿ-ಫೆಬ್ರವರಿಯಲ್ಲಿ ನಾಲ್ಕು ಕಂತುಗಳಲ್ಲಿ ಪ್ರಸಾರವಾದ 'ದ ರೋಮನ್ಸ್' ಎಂಬ ಕಥೆಯಲ್ಲಿ ಈ ತಂಡ ನೀರೋ ಚಕ್ರವರ್ತಿಯ ಕಾಲಕ್ಕೆ, ಕ್ರಿ.ಶ. 64ರ ಇಟಲಿಗೆ ಹೋಗುತ್ತದೆ. ಮಾಲೀಕರು ಊರಲ್ಲಿಲ್ಲದ ಒಂದು ತೋಟದ ಮನೆಯಲ್ಲಿ ನಾಲ್ವರೂ ಹಾಯಾಗಿ ಬೀಡುಬಿಟ್ಟಿರುತ್ತಾರೆ. ಡಾಕ್ಟರ್ ಮತ್ತು ವಿಕಿ ಎಂಬ ಹುಡುಗಿ ರೋಮ್ ನೋಡಲು ಹೊರಡುತ್ತಾರೆ. ಮನೆಯಲ್ಲೇ ಉಳಿದ ಇಯಾನ್ ಮತ್ತು ಬಾರ್ಬರಾ ಗುಲಾಮರ ವ್ಯಾಪಾರಿಗಳ ಕೈಗೆ ಸಿಕ್ಕಿಬೀಳುತ್ತಾರೆ. ಅವನನ್ನು ಹಡಗಿನ ಹುಟ್ಟು ಹಾಕಲು ಮಾರುತ್ತಾರೆ. ಅವಳು ನೀರೋನ ಅರಮನೆ ಸೇರುತ್ತಾಳೆ. ಡಾಕ್ಟರ್ ಅದೇ ಅರಮನೆಯಲ್ಲಿ ಓಡಾಡಿಕೊಂಡಿದ್ದರೂ ಒಬ್ಬರ ಕಣ್ಣಿಗೆ ಒಬ್ಬರು ಬೀಳುವುದಿಲ್ಲ. ರೋಮ್ ಹೊತ್ತಿ ಉರಿಯುವ ಹೊತ್ತಿಗೆ ಹೇಗೋ ಎಲ್ಲರೂ ಪಾರಾಗಿ ತೋಟದ ಮನೆಗೆ ಬಂದು ಸೇರುತ್ತಾರೆ. ಇವರಿಬ್ಬರೂ ಇಷ್ಟು ದಿನ ಇಲ್ಲೇ ಬಿದ್ದುಕೊಂಡು ಸೋಮಾರಿತನ ಮಾಡಿದರೆಂದು ಡಾಕ್ಟರ್ ತಿಳಿಯುತ್ತಾನೆ. ನಗೆಯ ಕಥೆ, ನಗುತ್ತಲೇ ಮುಗಿಯುತ್ತದೆ.

ನಿವೃತ್ತಿಯಾದ ಮೇಲೆ ಇದನ್ನು ಮೊಮ್ಮಗನ ಜೊತೆ ಕೂತು ನೋಡಿದೆ. ನಡುವೆ ಅವನು ಕೇಳಿದ: "ತಾತ, ನೀವೂ ಡಾಕ್ಟರ್ ಅಲ್ವಾ? ನಿಮ್ಮನ್ನ ಹಿಡಿದುಕೊಂಡು ಹೋಗಿದ್ರೆ ಏನ್ ಮಾಡ್ತಿದ್ರಿ?" ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ ರೋಮನ್ ಕಾಲದ ವೈದ್ಯಕೀಯವನ್ನು ಹತ್ತಾರು ವರ್ಷಗಳಿಂದ ಹವ್ಯಾಸವಾಗಿ ಓದಿಕೊಂಡು ಬಂದ ನನಗೆ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಕಾಲಯಾನ ಕಟ್ಟುಕಥೆ, ಸರಿ. ಆದರೆ ರೋಮನ್ ಜಗತ್ತಿನಲ್ಲಿ ದಾರಿ ತಪ್ಪಿದವರು, ಹಿಡಿದು ಮಾರಲ್ಪಟ್ಟವರು, ಗಂಡ ಒಂದೂರು ಹೆಂಡತಿ ಒಂದೂರು ಆದವರು ಲಕ್ಷಾಂತರ ಜನ ನಿಜವಾಗಿಯೇ ಇದ್ದರು. ಅವರಿಗೆ ಹತ್ತಿ ಹೊರಟುಹೋಗಲು ನೀಲಿ ಪೆಟ್ಟಿಗೆ ಇರಲಿಲ್ಲ.

ಮೊದಲು ಧಾರಾವಾಹಿಯ ಒಂದು ತಪ್ಪು. ರೋಮನ್ ಯುದ್ಧನೌಕೆಗಳಲ್ಲಿ ಸರಪಳಿ ಬಿಗಿಸಿಕೊಂಡ ಗುಲಾಮರು ಹುಟ್ಟು ಹಾಕುತ್ತಿದ್ದರೆಂಬುದು 'ಬೆನ್‌ಹರ್' ಸಿನಿಮಾ ನಮ್ಮೆಲ್ಲರ ತಲೆಯಲ್ಲಿ ಕೂರಿಸಿದ ಚಿತ್ರ. ಸಾಮ್ರಾಜ್ಯದ ಕಾಲದ ನೌಕಾಪಡೆಯಲ್ಲಿ ಹುಟ್ಟು ಹಾಕುತ್ತಿದ್ದವರು ಸಾಮಾನ್ಯವಾಗಿ ಸ್ವತಂತ್ರರು. ಈಜಿಪ್ಟ್, ಸಿರಿಯಾ, ಬಾಲ್ಕನ್ ಕಡೆಗಳಿಂದ ಬಂದು ಸಂಬಳಕ್ಕೆ ಸೇರಿದವರು. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ದುಡಿದರೆ ಕೊನೆಗೆ ರೋಮನ್ ಪೌರತ್ವ ಸಿಗುತ್ತಿತ್ತು. 2ನೇ ಶತಮಾನದಲ್ಲಿ ಹೀಗೆ ಸೇರಿದ ಏಪಿಯಾನ್ ಎಂಬ ಈಜಿಪ್ಟಿನ ಹುಡುಗ ಇಟಲಿಯ ಮಿಸೇನಮ್ ಬಂದರಿನಿಂದ ತಂದೆಗೆ ಬರೆದ ಕಾಗದ ಇಂದಿಗೂ ಉಳಿದಿದೆ. ಸಮುದ್ರದಲ್ಲಿ ಅಪಾಯ ಬಂದಾಗ ದೇವರು ಕಾಪಾಡಿದ, ಬಂದ ಕೂಡಲೇ ದಾರಿಖರ್ಚಿಗೆಂದು ಮೂರು ಚಿನ್ನದ ನಾಣ್ಯ ಕೊಟ್ಟರು, ನನ್ನದೊಂದು ಚಿತ್ರ ಬರೆಸಿ ಕಳಿಸಿದ್ದೇನೆ, ಮನೆಯಲ್ಲಿ ಎಲ್ಲರಿಗೂ ನಮಸ್ಕಾರ, ಅಂದಹಾಗೆ ಈಗ ನನ್ನ ಹೆಸರು ಆಂಟೋನಿಯಸ್ ಮ್ಯಾಕ್ಸಿಮಸ್. ನಮ್ಮ ತಲೆಮಾರಿನ ಕೃಷ್ಣಮೂರ್ತಿಗಳು ಈ ದೇಶದ ಆಸ್ಪತ್ರೆಗಳಲ್ಲಿ 'ಕ್ರಿಸ್' ಆದದ್ದನ್ನು ನೋಡಿದವನಿಗೆ ಆ ಕೊನೆಯ ಸಾಲಿಗೆ ವ್ಯಾಖ್ಯಾನ ಬೇಕಾಗುವುದಿಲ್ಲ. ಹೀಗಾಗಿ ಇಯಾನ್‌ನನ್ನು ಹಡಗಿಗೆ ಮಾರುತ್ತಿರಲಿಲ್ಲ. ಗಣಿಗೋ ದೊಡ್ಡ ಜಮೀನಿಗೋ ಮಾರುತ್ತಿದ್ದರು, ಅದು ಹಡಗಿಗಿಂತ ಕಷ್ಟ.

ಆದರೆ ಹಿಡಿದುಕೊಂಡು ಹೋಗುವ ಸಂಗತಿ ಮಾತ್ರ ಅಪ್ಪಟ ನಿಜ. ಇಟಲಿಯ ಹೆದ್ದಾರಿಗಳ ಬಗ್ಗೆ ನಾವು ಹೊಗಳಿಕೆಯನ್ನೇ ಓದಿದ್ದೇವೆ. ಅದೇ ಹೆದ್ದಾರಿಗಳಲ್ಲಿ ದಾರಿಹೋಕರನ್ನು, ಅವರು ಸ್ವತಂತ್ರರೋ ಗುಲಾಮರೋ ನೋಡದೆ, ಹಿಡಿದು ಜಮೀನ್ದಾರರ ಬಂದೀಖಾನೆಗಳಲ್ಲಿ ಕೂಡಿಹಾಕಿ ದುಡಿಸುತ್ತಿದ್ದರೆಂದು ಚರಿತ್ರೆಕಾರ ಸ್ಯೂಟೋನಿಯಸ್ ಬರೆದಿದ್ದಾನೆ. ಈ ಬಂದೀಖಾನೆಗಳ ಹೆಸರು 'ಎರ್ಗಸ್ತುಲಮ್'. ಆಗಸ್ಟಸ್ ಚಕ್ರವರ್ತಿ ದಾರಿಗಳಲ್ಲಿ ಕಾವಲು ಹಾಕಿಸಿ ಇವುಗಳ ತಪಾಸಣೆ ಮಾಡಿಸಬೇಕಾಯಿತು. ಅವನ ಮುಂದಿನ ಚಕ್ರವರ್ತಿ ಟೈಬೀರಿಯಸ್ ಯುವಕನಾಗಿದ್ದಾಗ ಹೊತ್ತ ಮೊದಲ ಸರ್ಕಾರಿ ಹೊಣೆಗಳಲ್ಲಿ ಇಟಲಿಯ ಎರ್ಗಸ್ತುಲಮ್‌ಗಳ ತನಿಖೆಯೂ ಒಂದು. ರಾಜವಂಶದ ಹುಡುಗನನ್ನೇ ಕಳಿಸಬೇಕಾಯಿತೆಂದರೆ ಪಿಡುಗು ಸಣ್ಣದಿರಲಾರದು.

ತನಿಖೆಯಾಗಿ ನೂರು ವರ್ಷದ ಮೇಲೂ ಜನ ಕಾಣೆಯಾಗುತ್ತಲೇ ಇದ್ದರು. ಕಿರಿಯ ಪ್ಲಿನಿ 2ನೇ ಶತಮಾನದ ಆರಂಭದಲ್ಲಿ ಬರೆದ ಒಂದು ಪತ್ರವನ್ನು ನಾನು ಎಷ್ಟೋ ಸಲ ಓದಿದ್ದೇನೆ. ರೋಬುಸ್ಟಸ್ ಎಂಬ ಗಣ್ಯ ಮನುಷ್ಯ ರೋಮಿನ ಉತ್ತರದ ಓಕ್ರಿಕುಲಮ್‌ವರೆಗೆ ಪ್ಲಿನಿಯ ಸ್ನೇಹಿತನ ಜೊತೆಯಲ್ಲಿ ಪ್ರಯಾಣ ಮಾಡಿದ. ಅಲ್ಲಿಂದಾಚೆಗೆ ಅವನನ್ನು ಕಂಡವರಿಲ್ಲ. ರೋಬುಸ್ಟಸ್‌ನ ಮಗ ತಂದೆಯನ್ನು ಹುಡುಕಲು ನೆರವು ಕೇಳಿದ್ದಾನೆ. ಹುಡುಕೋಣ, ಆದರೆ ನನಗೆ ನಂಬಿಕೆಯಿಲ್ಲ ಎನ್ನುತ್ತಾನೆ ಪ್ಲಿನಿ. ಯಾಕೆಂದರೆ ಅವನದೇ ಊರಿನ ಮೆಟೀಲಿಯಸ್ ಕ್ರಿಸ್ಪಸ್ ಎಂಬವನಿಗೂ ಹೀಗೇ ಆಗಿತ್ತು. ಪ್ಲಿನಿಯೇ ಅವನಿಗೆ ಸೈನ್ಯದಲ್ಲಿ ಅಧಿಕಾರಿಯ ಹುದ್ದೆ ಕೊಡಿಸಿ, ಬಟ್ಟೆಬರೆ ಆಯುಧಕ್ಕೆಂದು 40,000 ಸೆಸ್ಟರ್ಸ್ ಕೈಗಿಟ್ಟು ಕಳಿಸಿದ್ದ. ಆಮೇಲೆ ಅವನಿಂದ ಒಂದು ಕಾಗದ ಬರಲಿಲ್ಲ, ಸತ್ತನೆಂಬ ಸುದ್ದಿಯೂ ಬರಲಿಲ್ಲ. ಅವನ ಆಳುಗಳೇ ಅವನನ್ನು ಕೊಂದರೋ, ಅವರೂ ಅವನೊಂದಿಗೇ ಸತ್ತರೋ, ಆಳುಗಳಲ್ಲಿ ಒಬ್ಬನೂ ಮತ್ತೆ ಕಾಣಿಸಿಕೊಳ್ಳಲಿಲ್ಲ. ಪ್ಲಿನಿ ಸಾಮ್ರಾಜ್ಯದ ದೊಡ್ಡ ವಕೀಲ, ಚಕ್ರವರ್ತಿಗೆ ನೇರವಾಗಿ ಪತ್ರ ಬರೆಯುವಷ್ಟು ಬಳಕೆ ಇದ್ದವನು. ಅವನ ಕೈಯಲ್ಲೇ ಆಗದ್ದು ನಿಮ್ಮ ನನ್ನ ಕೈಯಲ್ಲಿ ಆದೀತೆ?

ಹಿಡಿದ ಮೇಲಿನದು ಮಾರಾಟ. ಇದಕ್ಕೆ ಇಟಲಿಯವರೆಗೆ ಹೋಗಬೇಕಾಗಿಲ್ಲ, ಲಂಡನ್ನಿನ ಬ್ಯಾಂಕ್ ನಿಲ್ದಾಣದಲ್ಲಿ ಇಳಿದರೆ ಸಾಕು. ಅಲ್ಲೇ ಪೌಲ್ಟ್ರಿ ಎಂಬ ರಸ್ತೆಯ ಒಂದನೇ ನಂಬರಿನ ನಿವೇಶನದಲ್ಲಿ 1990ರ ದಶಕದಲ್ಲಿ ಅಗೆದಾಗ, ಮೇಣ ಬಳಿದು ಬರೆಯುತ್ತಿದ್ದ ಒಂದು ಮರದ ಹಲಗೆ ಸಿಕ್ಕಿತು. ಮೇಣ ಹೋಗಿದೆ, ಕಡ್ಡಿಯ ಗೀರು ಮರದ ಮೇಲೆ ಉಳಿದಿದೆ. ಅದೊಂದು ಕ್ರಯಪತ್ರ. ವೆಜೆಟಸ್ ಎಂಬವನು ಆಲ್ಬಿಸಿಯಾನಸ್ ಎಂಬವನಿಂದ ಫಾರ್ಚುನಾಟಾ ಎಂಬ ಹುಡುಗಿಯನ್ನು 600 ದಿನಾರಿ ಕೊಟ್ಟು ಕೊಂಡಿದ್ದಾನೆ. ಕೊಂಡ ವೆಜೆಟಸ್ ಸ್ವತಃ ಗುಲಾಮ. ಅವನ ಒಡೆಯನೂ ಗುಲಾಮ, ಚಕ್ರವರ್ತಿಯ ಗುಲಾಮ. ಗುಲಾಮನ ಗುಲಾಮನಿಗೆ ಮತ್ತೊಬ್ಬ ಗುಲಾಮಳು. ಬೆಲೆ ಸಾಮಾನ್ಯ ಸೈನಿಕನೊಬ್ಬನ ಎರಡು ವರ್ಷದ ಸಂಬಳದಷ್ಟು. ಹುಡುಗಿ ಇಂದಿನ ಫ್ರಾನ್ಸಿನ ವಾಯವ್ಯ ಭಾಗದ ಡಿಯಾಬ್ಲಿಂಟ್ ಬುಡಕಟ್ಟಿನವಳು. 'ಫಾರ್ಚುನಾಟಾ' ಎಂದರೆ ಭಾಗ್ಯವತಿ. ಆ ಹೆಸರಿನ ಪಕ್ಕದಲ್ಲೇ 'ಅಥವಾ ಬೇರೆ ಯಾವ ಹೆಸರಿದ್ದರೂ ಸರಿ' ಎಂಬ ಅರ್ಥದ ಮಾತಿದೆ. ಇದು ಆ ಕಾಲದ ಕ್ರಯಪತ್ರಗಳ ರೂಢಿಯ ಮಾತು. ತಾಯಿ ಇಟ್ಟ ಹೆಸರು ಏನಿದ್ದರೂ ಕೊಂಡವನಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ.

ವೈದ್ಯನಾದ ನನ್ನ ಕಣ್ಣು ನಿಂತದ್ದು ಅದರ ಮುಂದಿನ ಸಾಲಿನ ಮೇಲೆ. ಹುಡುಗಿ ಆರೋಗ್ಯವಾಗಿದ್ದಾಳೆ, ಅಲೆಯುವ ಅಥವಾ ಓಡಿಹೋಗುವ ಚಾಳಿಯಿಲ್ಲ ಎಂದು ಮಾರುವವನು ಖಾತರಿ ಕೊಡುತ್ತಾನೆ. ರೋಮನ್ ಕಾನೂನಿನಲ್ಲಿ ಗುಲಾಮರನ್ನು ಮಾರುವವನು ರೋಗ, ಊನಗಳನ್ನು ಮೊದಲೇ ಹೇಳಬೇಕಿತ್ತು. ಮುಚ್ಚಿಟ್ಟರೆ ಕೊಂಡವನು ವಾಪಸು ಕೊಡಬಹುದಿತ್ತು. ಹಾಗಾದರೆ ಯಾವುದು ರೋಗ? ನ್ಯಾಯಶಾಸ್ತ್ರಜ್ಞರು ಇದನ್ನು ಚರ್ಚಿಸಿದ ಪುಟಗಳು ನಮ್ಮ ವೈದ್ಯಕೀಯ ಪರೀಕ್ಷೆಯ ಮೌಖಿಕ ಪ್ರಶ್ನೆಗಳಂತಿವೆ. ಎಡಚ ರೋಗಿಯಲ್ಲ. ಬಾಯಿ ನಾರುವುದು ತಾನೇ ರೋಗವಲ್ಲ, ಆದರೆ ಅದು ಒಳಗಿನ ಅಂಗದ ಕೆಡುಕಿನಿಂದ ಬಂದಿದ್ದರೆ ರೋಗ. ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವವನು ಕುಡಿತದಿಂದಲೋ ಏಳಲಾರದ ಸೋಮಾರಿತನದಿಂದಲೋ ಹಾಗೆ ಮಾಡಿದರೆ ದೋಷವಲ್ಲ, ಮೂತ್ರಕೋಶದ ದೋಷದಿಂದಾದರೆ ಹಣ ವಾಪಸು. ಎಷ್ಟು ಸೂಕ್ಷ್ಮವಾದ ರೋಗನಿರ್ಣಯ! ಇಷ್ಟು ಜಾಣ್ಮೆಯೆಲ್ಲ ಮನುಷ್ಯನನ್ನು ಎತ್ತಿನಂತೆ ಹಲ್ಲು ನೋಡಿ ಕೊಳ್ಳುವುದಕ್ಕೆ ಖರ್ಚಾಯಿತಲ್ಲ ಎನ್ನಿಸುತ್ತದೆ.

'ನಾನು ಗುಲಾಮನಲ್ಲ' ಎಂದು ಇಯಾನ್ ಕೂಗಿಕೊಳ್ಳಬಹುದಿತ್ತೇ? ಕೂಗಬಹುದಿತ್ತು, ಸಾಬೀತು ಮಾಡುವುದು ಹೇಗೆ? ಸಂತ ಪೌಲನನ್ನು ಜೆರೂಸಲೇಮಿನಲ್ಲಿ ಚಾವಟಿಯಿಂದ ಹೊಡೆಯಲು ಕಟ್ಟಿದಾಗ 'ನಾನು ರೋಮನ್ ಪೌರ' ಎಂದ ಕೂಡಲೇ ಸೇನಾಧಿಕಾರಿ ಬೆಚ್ಚಿ ಹಿಂಜರಿದ ಪ್ರಸಂಗ ಬೈಬಲಿನಲ್ಲಿದೆ. ನಾನು ದೊಡ್ಡ ಮೊತ್ತ ಕೊಟ್ಟು ಈ ಪೌರತ್ವ ಪಡೆದೆ ಎನ್ನುತ್ತಾನೆ ಅಧಿಕಾರಿ. ನಾನು ಹುಟ್ಟಿನಿಂದಲೇ ಪೌರ ಎನ್ನುತ್ತಾನೆ ಪೌಲ. ಪೌಲನಿಗೆ ಊರಿತ್ತು, ಕುಲವಿತ್ತು, ವಿಚಾರಿಸಿದರೆ ಗುರುತು ಹೇಳುವವರಿದ್ದರು. ಕಾಲಯಾತ್ರಿಕನಿಗೆ ಸಾಕ್ಷಿ ಹೇಳಬೇಕಾದವರು ಇನ್ನೂ ಹುಟ್ಟಿಯೇ ಇಲ್ಲ. ಮೊದಲ ಸಲ ಹೀಥ್ರೋದಲ್ಲಿ ಇಳಿದು, ಎದೆಯ ಎಕ್ಸ್-ರೇ ಹಿಡಿದುಕೊಂಡು ಸಾಲಿನಲ್ಲಿ ನಿಂತ ನಮಗೆಲ್ಲ ಕಾಗದಪತ್ರದ ಬೆಲೆ ಗೊತ್ತು. ಇನ್ನು ಭಾಷೆ. ವೈದ್ಯರಿಗೆ ಲ್ಯಾಟಿನ್ ಬರುತ್ತದೆಂದು ಒಂದು ನಂಬಿಕೆಯಿದೆ. ಅಂಗರಚನಾಶಾಸ್ತ್ರದಲ್ಲಿ ನಾವು ಉರುಹೊಡೆದದ್ದು ಸ್ನಾಯುಗಳ ಹೆಸರು. ಲ್ಯಾಟಿನ್‌ನಲ್ಲಿ 'ಮಸ್ಕ್ಯುಲಸ್' ಎಂದರೆ ಪುಟ್ಟ ಇಲಿ. ಚರ್ಮದಡಿ ಇಲಿ ಓಡಿದಂತೆ ಕಾಣುತ್ತದೆಂದು ಸ್ನಾಯುವಿಗೆ ಆ ಹೆಸರು. ಇಂಥ ಪದಗಳನ್ನು ಇಟ್ಟುಕೊಂಡು ರೋಮಿನ ಬೀದಿಯಲ್ಲಿ ದಾರಿ ಕೇಳಿದರೆ ಜನ ಹುಚ್ಚನೆಂದಾರು.

ದಂಪತಿಗಳು ಬೇರೆಯಾದರೆ ಕಾನೂನು ಏನು ಹೇಳುತ್ತಿತ್ತೆಂಬುದು ನನಗೆ ಎಲ್ಲಕ್ಕಿಂತ ಕಠೋರವಾಗಿ ಕಂಡ ಸಂಗತಿ. ರೋಮನ್ ಪೌರನೊಬ್ಬ ಶತ್ರುಗಳ ಕೈಗೆ ಸೆರೆಸಿಕ್ಕರೆ ಆ ಕ್ಷಣದಿಂದ ಅವನು ಕಾನೂನಿನ ಕಣ್ಣಲ್ಲಿ ಗುಲಾಮ. ಅವನ ಮದುವೆ ಆಗಲೇ ಮುರಿಯಿತು. ಅಲ್ಲೇ ಸತ್ತರೆ, ಅವನ ಉಯಿಲು ಊರ್ಜಿತವಾಗಲೆಂದು, ಸೆರೆಸಿಕ್ಕ ಗಳಿಗೆಯಲ್ಲೇ ಸತ್ತನೆಂದು ಎಣಿಸುತ್ತಿದ್ದರು. ಹೇಗೋ ತಪ್ಪಿಸಿಕೊಂಡು ಗಡಿ ದಾಟಿ ವಾಪಸು ಬಂದರೆ 'ಪೋಸ್ಟ್‌ಲಿಮಿನಿಯಮ್' ಎಂಬ ನಿಯಮದಡಿ ಎಲ್ಲ ಹಕ್ಕುಗಳೂ ಮರಳುತ್ತಿದ್ದವು: ಆಸ್ತಿ, ಪೌರತ್ವ, ಮಕ್ಕಳ ಮೇಲಿನ ಅಧಿಕಾರ. ಮರಳದೇ ಇದ್ದದ್ದು ಮದುವೆ ಒಂದೇ. ಮನೆ ಬಾಗಿಲಲ್ಲಿ ಹೆಂಡತಿ ಕಾದು ನಿಂತಿದ್ದರೂ, ಇಬ್ಬರೂ ಒಪ್ಪಿ ಹೊಸದಾಗಿಯೇ ಮದುವೆಯಾಗಬೇಕು. ಹುಟ್ಟು ಗುಲಾಮರಿಗಂತೂ ಮದುವೆಯೆಂಬುದೇ ಕಾನೂನಿನಲ್ಲಿ ಇರಲಿಲ್ಲ. ಜೊತೆಯಲ್ಲಿ ಬಾಳುತ್ತಿದ್ದರು, ಮಕ್ಕಳಾಗುತ್ತಿದ್ದವು, ಒಡೆಯ ಸತ್ತು ಪಾಲಾದ ದಿನ ತಾಯಿ ಒಬ್ಬ ಮಗನ ಪಾಲಿಗೆ, ಮಗು ಇನ್ನೊಬ್ಬನ ಪಾಲಿಗೆ ಹೋಗಬಹುದಿತ್ತು.

ಈಗ ಮೊಮ್ಮಗನ ಪ್ರಶ್ನೆಗೆ ಬರುತ್ತೇನೆ. ವೈದ್ಯನನ್ನು ಹಿಡಿದರೆ?

ಮೊದಲನೆಯದಾಗಿ ವೈದ್ಯನೇ ಬದುಕಿ ಉಳಿಯಬೇಕು. ಬೆಂಕಿಬಿದ್ದ ಮರುವರ್ಷ, ಕ್ರಿ.ಶ. 65ರಲ್ಲಿ, ರೋಮಿನಲ್ಲಿ ಸಾಂಕ್ರಾಮಿಕ ಜಾಡ್ಯವೊಂದು ಹರಡಿತು. ನೀರೋನ ಕಾಲದ ಪಿಡುಗಿನಲ್ಲಿ ಒಂದೇ ಶರತ್ಕಾಲದಲ್ಲಿ 30,000 ಶವಸಂಸ್ಕಾರಗಳು ಲೆಕ್ಕಕ್ಕೆ ಸೇರಿದವೆಂದು ಸ್ಯೂಟೋನಿಯಸ್ ಬರೆಯುತ್ತಾನೆ. ಜ್ವರವಂತೂ ನಗರದ ಖಾಯಂ ನಿವಾಸಿ. ದಿನ ಬಿಟ್ಟು ದಿನ ಏರಿಳಿಯುವ ಕೆಟ್ಟ ಜ್ವರವನ್ನು ಕಾಣಲು ಪುಸ್ತಕ ತೆರೆಯಬೇಕಿಲ್ಲ, ರೋಮಿನಲ್ಲಿ ದಿನವೂ ಕಾಣುತ್ತದೆ ಎಂಬರ್ಥದಲ್ಲಿ ಗೇಲನ್ ಬರೆದಿದ್ದಾನೆ. ಅದು ಮಲೇರಿಯಾ. ಮೈಸೂರು ಸೀಮೆಯಲ್ಲಿ ಮಲೇರಿಯಾದ ಗುಲ್ಮ ನೋಡಿ ಬೆಳೆದ ತಲೆಮಾರಿನ ವೈದ್ಯರಿಗೆ ಗೇಲನ್ನನ ವರ್ಣನೆ ಹಳೆಯ ಪರಿಚಯದವರನ್ನು ಕಂಡಂತಾಗುತ್ತದೆ.

ಕ್ರಿ.ಶ. 165ರ ಸುಮಾರಿಗೆ ಪೂರ್ವದ ಯುದ್ಧದಿಂದ ಮರಳಿದ ಸೈನ್ಯದ ಜೊತೆ ಬಂದ ಮಹಾಮಾರಿ ಇನ್ನೂ ಭೀಕರ. ಮೈತುಂಬ ಕಪ್ಪಗೆ ಏಳುವ ಬೊಕ್ಕೆ, ಆಮೇಲೆ ಉದುರುವ ಹಕ್ಕಳೆ, ಜ್ವರ, ಬೇಧಿ. ಗೇಲನ್ ಬರೆದ ಲಕ್ಷಣಗಳನ್ನು ನೋಡಿ ಬಹುಪಾಲು ವಿದ್ವಾಂಸರು ಇದು ಸಿಡುಬು ಎನ್ನುತ್ತಾರೆ. ನನ್ನ ಎಡತೋಳಿನ ಮೇಲೆ ಸಿಡುಬಿನ ಚುಚ್ಚುಮದ್ದಿನ ದುಂಡನೆಯ ಕಲೆಯಿದೆ, ನನ್ನ ವಯಸ್ಸಿನ ಎಲ್ಲರಿಗೂ ಇದೆ. ಮಕ್ಕಳಿಗೆ, ಮೊಮ್ಮಕ್ಕಳಿಗೆ ಇಲ್ಲ, ಯಾಕೆಂದರೆ 1980ರಲ್ಲಿ ಆ ರೋಗವೇ ಭೂಮಿಯಿಂದ ನಿರ್ಮೂಲವಾಯಿತೆಂದು ಘೋಷಣೆಯಾಯಿತು. ಆ ಕಾಲಕ್ಕೆ ಕುಟುಂಬ ಸಮೇತ ಹೋದರೆ ಅಷ್ಟಿಷ್ಟಾದರೂ ರಕ್ಷಣೆ ಇರುವುದು ಮುದುಕರಿಗೆ. ಅಪಾಯ ಗಟ್ಟಿಮುಟ್ಟಾದ ಹುಡುಗರಿಗೆ. ಗೇಲನ್ ಎಂಥ ವೈದ್ಯನೆಂದರೆ ಅವನ ಮಾತು ಮುಂದೆ ಸಾವಿರ ವರ್ಷಕ್ಕೂ ಮೀರಿ ವೇದವಾಕ್ಯವಾಯಿತು. ಅಂಥವನೂ ಕ್ರಿ.ಶ. 166ರಲ್ಲಿ ರೋಮ್ ಬಿಟ್ಟು ಊರಿಗೆ ಹೊರಟ. ಹೆದರಿ ಓಡಿದನೆಂದು ಕೆಲವರು ಅವನನ್ನು ಹಂಗಿಸುತ್ತಾರೆ. ಮಾಡಲು ಮದ್ದಿಲ್ಲದ ರೋಗದ ಮುಂದೆ ನಿಂತವರು ಮಾತ್ರ ಆ ಮಾತು ಆಡಬೇಕು. ಚಕ್ರವರ್ತಿ ಮಾರ್ಕಸ್ ಆರೇಲಿಯಸ್ ಕರೆಸಿಕೊಂಡಾಗ ಅವನು ಮರಳಿ ಬಂದ, ಅಕ್ವಿಲೇಯಾದಲ್ಲಿ ಚಳಿಗಾಲದ ಸೈನ್ಯದ ಬೀಡಿನಲ್ಲಿ ಅದೇ ಮಾರಿಯ ನಡುವೆ ಕೆಲಸ ಮಾಡಿದ ಎಂಬುದನ್ನೂ ಹೇಳಬೇಕು.

ಆ ಸ್ನಾನಗೃಹಗಳು, ಸಾರ್ವಜನಿಕ ಶೌಚಾಲಯಗಳು ಎಂದು ನೀವು ಕೇಳಬಹುದು. ನೋಡಲು ಚೆನ್ನ. ರೋಮನ್ ಕಾಲದ ಮಣ್ಣಿನಲ್ಲಿ ಜಂತುಹುಳುಗಳ ಮೊಟ್ಟೆಗಳನ್ನು ಹುಡುಕಿದ ಕೇಂಬ್ರಿಜ್‌ನ ಸಂಶೋಧಕರಿಗೆ, ಇಷ್ಟೆಲ್ಲ ನೈರ್ಮಲ್ಯದ ಏರ್ಪಾಟಿನಿಂದ ಹುಳುಗಳ ಕಾಟ ಕಡಿಮೆಯಾದ ಸುಳಿವು ಸಿಗಲಿಲ್ಲ. ಹಸಿಗಾಯ ಇಟ್ಟುಕೊಂಡು ಸ್ನಾನಗೃಹಕ್ಕೆ ಹೋದರೆ ಗಾಯ ಕೊಳೆಯುತ್ತದೆ ಎಂದು ಸೆಲ್ಸಸ್ ಆ ಕಾಲದಲ್ಲೇ ಎಚ್ಚರಿಸಿದ್ದ. ಹೇಡ್ರಿಯನ್ ಗೋಡೆಯ ಬಳಿಯ ವಿಂಡೊಲಾಂಡಾ ಕೋಟೆಯಲ್ಲಿ ಸಿಕ್ಕಿದ, 1ನೇ ಶತಮಾನದ ಕೊನೆಯ ಒಂದು ಹಾಜರಿ ಪಟ್ಟಿ ನನಗೆ ಅಚ್ಚುಮೆಚ್ಚು. ದಂಡಿನ ಒಟ್ಟು ಬಲ 752; ಬೇರೆ ಕಡೆ ಹೋದವರನ್ನು ಕಳೆದು ಕೋಟೆಯಲ್ಲಿ ಇದ್ದವರು 296. ಅವರಲ್ಲಿ ಕಾಯಿಲೆಯವರು 15, ಗಾಯಗೊಂಡವರು 6, ಕಣ್ಣುಬೇನೆಯವರು 10. ವಾರ್ಡಿನ ಬೆಳಗಿನ ಲೆಕ್ಕದ ಹಾಗೆಯೇ ಇದೆ. ಕಣ್ಣುಬೇನೆಗೆ ಪ್ರತ್ಯೇಕ ಸಾಲು ಬೇಕಾಗುವಷ್ಟು ಅದರ ಹಾವಳಿ.

ಬದುಕಿ ಉಳಿದ ವೈದ್ಯನಿಗೆ ಬೆಲೆಯಿತ್ತು, ನಿಜವಾದ ಅರ್ಥದಲ್ಲಿಯೇ. 6ನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಗುಲಾಮರಿಗೆ ನಿಗದಿ ಮಾಡಿದ ದರಪಟ್ಟಿಯಲ್ಲಿ ಕಸುಬಿಲ್ಲದ ಗುಲಾಮನಿಗೆ 20 ಚಿನ್ನದ ನಾಣ್ಯ, ಬರವಣಿಗೆ ಬಲ್ಲವನಿಗೆ 50, ವೈದ್ಯನಿಗೆ 60. ಅಸಿಸಿ ಊರಿನಲ್ಲಿ ಎರೋಸ್ ಮೆರುಲಾ ಎಂಬ ವೈದ್ಯನ ಶಾಸನವಿದೆ. ರೋಗಚಿಕಿತ್ಸೆ, ಶಸ್ತ್ರಚಿಕಿತ್ಸೆ, ಕಣ್ಣಿನ ಚಿಕಿತ್ಸೆ ಮೂರೂ ಬಲ್ಲವನು. ಬಿಡುಗಡೆಗೆ 50,000 ಸೆಸ್ಟರ್ಸ್ ಕೊಟ್ಟನೆಂದು ಶಾಸನವೇ ಹೇಳುತ್ತದೆ. ಆಮೇಲೆ ದೇವಸ್ಥಾನಕ್ಕೆ ವಿಗ್ರಹಗಳು, ಊರಿನ ರಸ್ತೆಗೆ ಕಲ್ಲು ಹಾಸಲು 37,000. ನಾಡಿಗೆ ಬಂದು ನೆಲೆನಿಂತು ಊರಿನ ದೇವಸ್ಥಾನಕ್ಕೆ ದೇಣಿಗೆ ಬರೆಸುವ ನಮ್ಮ ಹಿರಿಯ ವೈದ್ಯಮಿತ್ರರು ಒಬ್ಬಿಬ್ಬರು ಇದನ್ನು ಓದಿ ನಗುವರೆಂದು ನಂಬಿದ್ದೇನೆ.

ಹಾಗಾದರೆ ನನ್ನ ಕೈಯಲ್ಲಿ ಏನಾಗುತ್ತಿತ್ತು? ಆ್ಯಂಟಿಬಯಾಟಿಕ್ ಇಲ್ಲ, ರಕ್ತಪರೀಕ್ಷೆ ಇಲ್ಲ. ನನ್ನ ರಕ್ತದೊತ್ತಡದ ಮಾತ್ರೆಯೇ ತಿಂಗಳಲ್ಲಿ ಮುಗಿದುಹೋಗುತ್ತಿತ್ತು. ಶಸ್ತ್ರಚಿಕಿತ್ಸೆಯ ಉಪಕರಣಗಳೇನೋ ಚೆನ್ನಾಗಿದ್ದವು. ಪಾಂಪೇಯಲ್ಲಿ ಸಿಕ್ಕಿದ ಚಿಮಟ, ಕತ್ತಿ, ಸ್ಪೆಕ್ಯುಲಮ್‌ಗಳನ್ನು ಇಂದಿನ ನರ್ಸ್ ಕೈಗೆ ಕೊಟ್ಟರೂ ಗುರುತಿಸಿಯಾಳು. ಅಫೀಮು ಇತ್ತು, ಗಾಯಕ್ಕೆ ವೈನ್ ಇತ್ತು. ಕೈ ತೊಳೆಯಿರಿ, ನೀರು ಕುದಿಸಿರಿ, ಬೇಧಿಯಾದ ಮಗುವಿಗೆ ಉಪ್ಪು ಮತ್ತು ಜೇನು ಬೆರೆಸಿದ ನೀರು ಕುಡಿಸಿರಿ. ಇಷ್ಟೇ ಮಾಡಿದ್ದರೂ ಗೇಲನ್‌ಗಿಂತ ಹೆಚ್ಚು ಮಕ್ಕಳನ್ನು ಉಳಿಸುತ್ತಿದ್ದೆನೆಂದು ಜಂಬದಿಂದಲೇ ಹೇಳುತ್ತೇನೆ. ಆದರೆ ನನ್ನ ಮಾತು ಯಾರು ಕೇಳಬೇಕು? ಕೊಟ್ಟ ಮದ್ದಿನಿಂದ ರೋಗಿ ಸತ್ತರೆ ಗಣ್ಯನಾದ ವೈದ್ಯನಿಗೆ ಗಡೀಪಾರು, ಸಾಮಾನ್ಯನಿಗೆ ಮರಣದಂಡನೆ ಎಂಬ ನಿಯಮ ರೋಮನ್ ಕಾನೂನಿನಲ್ಲಿತ್ತು. ಕಾಗದವಿಲ್ಲದ ಪರದೇಶಿ ಯಾವ ವರ್ಗಕ್ಕೆ ಸೇರುತ್ತಾನೆಂದು ಹೇಳಬೇಕಾಗಿಲ್ಲ.

ಇನ್ನು ಕಳೆದುಹೋದವರನ್ನು ಹುಡುಕುವ ಮಾತು. ರೋಮಿನ ಜನಸಂಖ್ಯೆ ಸುಮಾರು ಹತ್ತು ಲಕ್ಷವೆಂದು ಅಂದಾಜು. ಮನೆಗಳಿಗೆ ನಂಬರಿಲ್ಲ. ಇಂಥ ದೇವಸ್ಥಾನದ ಹಿಂದೆ, ಇಂಥ ಅಂಗಡಿಯ ಮೇಲಿನ ಮಹಡಿ ಎಂದು ಹೇಳಿಯೇ ಹುಡುಕಬೇಕು, ನಮ್ಮ ಹಳೆಯ ಪೇಟೆಗಳ ಹಾಗೆ. ಸರ್ಕಾರಿ ಅಂಚೆ ಸರ್ಕಾರದ ಕೆಲಸಕ್ಕೆ ಮಾತ್ರ. ಉಳಿದವರು ಆ ಕಡೆ ಹೋಗುವವರ ಕೈಯಲ್ಲಿ ಕಾಗದ ಕೊಟ್ಟು ದೇವರ ಮೇಲೆ ಭಾರ ಹಾಕಬೇಕು.

ಅಂಥ ಊರಿಗೆ 64ರ ಜುಲೈ 19ರಂದು ಬೆಂಕಿ ಬಿತ್ತು. ರಥಗಳ ಓಟದ ಸರ್ಕಸ್ ಮ್ಯಾಕ್ಸಿಮಸ್ ಪಕ್ಕದ ಅಂಗಡಿಗಳಲ್ಲಿ ಹೊತ್ತಿಕೊಂಡದ್ದು ಆರು ದಿನ ಉರಿದು, ಆರಿತೆನ್ನುವಾಗ ಮತ್ತೆ ಎದ್ದಿತು. ನಗರದ 14 ವಿಭಾಗಗಳಲ್ಲಿ 3 ನೆಲಸಮವಾದವು, 7 ಅರೆಸುಟ್ಟವು, ಉಳಿದದ್ದು 4. ನೀರೋ ಪಿಟೀಲು ಬಾರಿಸಿದ ಎಂಬುದು ಸುಳ್ಳು, ಪಿಟೀಲೇ ಆಗ ಇರಲಿಲ್ಲ. ಬೆಂಕಿ ಬಿದ್ದಾಗ ಅವನು ಆಂಟಿಯಮ್‌ನಲ್ಲಿದ್ದ. ಬಂದ ಮೇಲೆ ನಿರಾಶ್ರಿತರಿಗೆ ತನ್ನ ಉದ್ಯಾನಗಳನ್ನು ತೆರೆದ, ಧಾನ್ಯದ ಬೆಲೆ ಇಳಿಸಿದ. ಟ್ಯಾಸಿಟಸ್ ಇದನ್ನೆಲ್ಲ ಬರೆಯುತ್ತಾನೆ, ಅವನಿಗೆ ನೀರೋನ ಮೇಲೆ ಪ್ರೀತಿಯಿರಲಿಲ್ಲ ಎಂಬುದನ್ನು ನೆನಪಿಡಬೇಕು. ಅವನ ವರ್ಣನೆಯಲ್ಲಿ ನನ್ನನ್ನು ಕಾಡುವುದು ಜ್ವಾಲೆಗಳಲ್ಲ. ಕೈಲಾಗದವರನ್ನು ಎಳೆದುಕೊಂಡು ಹೋಗುವವರು, ಹಿಂದೆ ಬಿದ್ದವರಿಗಾಗಿ ಕಾಯುತ್ತ ನಿಂತವರು, ಓಡುವವರಿಗೂ ಕಾಯುವವರಿಗೂ ತಾಕಲಾಟವಾಗಿ ದಾರಿಯೇ ಕಟ್ಟಿಹೋದದ್ದು. ತಪ್ಪಿಸಿಕೊಳ್ಳಲು ದಾರಿ ತೆರೆದಿದ್ದರೂ, ತಮ್ಮವರನ್ನು ಉಳಿಸಲಾಗಲಿಲ್ಲವೆಂದು ಅಲ್ಲೇ ಉಳಿದು ಸತ್ತವರೂ ಇದ್ದರಂತೆ. ಬೆಂಕಿಯ ನಂತರ ತಪ್ಪು ಹೊರಿಸಲು ಒಂದು ಗುಂಪು ಬೇಕಾಯಿತು. ಪರದೇಶದಿಂದ ಬಂದ ಹೊಸ ಮತದವರು, ಕ್ರೈಸ್ತರು, ಸಿಕ್ಕರು. ವಿಚಿತ್ರ ಉಡುಪಿನ, ಯಾವ ದೇವರಿಗೂ ಧೂಪ ಹಾಕದ ಇಯಾನ್, ಬಾರ್ಬರಾ ಆ ವಾರ ಬೀದಿಯಲ್ಲಿ ಕಂಡಿದ್ದರೆ ಏನಾಗುತ್ತಿತ್ತೋ.

ನಮ್ಮ ಕಡೆಯವರು ಯಾರಾದರೂ ಹೀಗೆ ಸಿಕ್ಕಿಬಿದ್ದಿದ್ದರೇ? ಕ್ರಿ.ಪೂ. 62ರ ಸುಮಾರಿಗೆ ಗಾಲ್ ಪ್ರಾಂತದ ಅಧಿಕಾರಿ ಮೆಟೆಲಸ್ ಕೆಲೆರ್‌ಗೆ ಜರ್ಮನ್ ಅರಸನೊಬ್ಬ ಕೆಲವು 'ಭಾರತೀಯ'ರನ್ನು ಉಡುಗೊರೆಯಾಗಿ ಕೊಟ್ಟನಂತೆ. ವ್ಯಾಪಾರಕ್ಕೆ ಹೊರಟು ಬಿರುಗಾಳಿಗೆ ಸಿಕ್ಕಿ ಜರ್ಮನಿಯ ತೀರಕ್ಕೆ ಬಂದು ಬಿದ್ದವರು ಎಂದು ಹಿರಿಯ ಪ್ಲಿನಿ ಬರೆಯುತ್ತಾನೆ. ಹಿಂದೂ ಮಹಾಸಾಗರದಿಂದ ಅಲ್ಲಿಗೆ ಗಾಳಿ ತಂದು ಹಾಕುವುದು ಸಾಧ್ಯವಿಲ್ಲ, ಆದ್ದರಿಂದ ಅವರು ಭಾರತೀಯರೇ ಎಂಬುದು ನನಗೆ ಅನುಮಾನ. ಯಾರೇ ಆಗಿರಲಿ, ವ್ಯಾಪಾರಕ್ಕೆ ಹೊರಟವರು ಉಡುಗೊರೆಯ ಸಾಮಾನಾದರು. ಆಗಸ್ಟಸ್ ಚಕ್ರವರ್ತಿಯ ಬಳಿಗೆ ಹೊರಟ ಭಾರತದ ರಾಯಭಾರಿಗಳನ್ನು ಡಮಾಸ್ಕಸ್‌ನ ನಿಕೊಲಾಸ್ ಆಂಟಿಯೋಕ್‌ನಲ್ಲಿ ಕಂಡಾಗ ಉಳಿದಿದ್ದವರು ಮೂವರೇ. ಪತ್ರದಲ್ಲಿ ಹೆಸರಿದ್ದ ಉಳಿದವರೆಲ್ಲ ದೂರದ ಪ್ರಯಾಣದಲ್ಲೇ ತೀರಿಕೊಂಡಿದ್ದರು.

ಕನ್ನಡನಾಡಿನ ನಂಟಿಗೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕಿದ ರೋಮನ್ ಬೆಳ್ಳಿ ನಾಣ್ಯಗಳು ಸಾಕ್ಷಿ. ಇನ್ನೊಂದು ನಂಟು ಹೆಚ್ಚು ಸ್ವಾರಸ್ಯದ್ದು. ರೋಮನ್ ಆಳ್ವಿಕೆಯ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದಲ್ಲಿ, ಕರಿತಿಯೋನ್ ಎಂಬ ಗ್ರೀಕ್ ಹುಡುಗಿ ಮನೆಯವರಿಂದ ಬೇರೆಯಾಗಿ ಭಾರತದ ಕಡಲತೀರದ ಅರಸನ ಸೆರೆಯಲ್ಲಿದ್ದಾಳೆ. ಅವಳ ಅಣ್ಣ ಹಡಗಿನಲ್ಲಿ ಬಂದು, ಅರಸನಿಗೂ ಅವನ ಜನಕ್ಕೂ ನೀರು ಬೆರೆಸದ ವೈನ್ ಕುಡಿಸಿ ಮತ್ತು ಬರಿಸಿ, ತಂಗಿಯನ್ನು ಕರೆದೊಯ್ಯುತ್ತಾನೆ. ಆ ಅರಸನ ಕಡೆಯವರು ಆಡುವ ಮಾತು ಕನ್ನಡವಿರಬಹುದೆಂದು ಹುಲ್ಟ್ಸ್ ಸೂಚಿಸಿದರು. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಆ ಜಾಡು ಹಿಡಿದು ಶ್ರಮಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಈಜಿಪ್ಟಿನ ರಂಗದ ಮೇಲೆ ದಾರಿ ತಪ್ಪಿದವಳು ಅವರ ಹುಡುಗಿ, ಹಿಡಿದಿಟ್ಟುಕೊಂಡವರು ನಾವು ಎಂಬುದು ಮಾತ್ರ ನನಗೆ ತಮಾಷೆಯಾಗಿ ಕಾಣುತ್ತದೆ.

ನಾನು ಬಹುಕಾಲ ಕೆಲಸ ಮಾಡಿದ ಈಶಾನ್ಯ ಇಂಗ್ಲೆಂಡಿನ ಸೌತ್ ಶೀಲ್ಡ್ಸ್‌ನಲ್ಲಿ, ಟೈನ್ ನದಿ ಸಮುದ್ರ ಸೇರುವ ಕಡೆ, ರೋಮನ್ ಕೋಟೆಯ ಅವಶೇಷವಿದೆ. 1878ರಲ್ಲಿ ಅಲ್ಲಿ ಒಂದು ಸಮಾಧಿಕಲ್ಲು ಸಿಕ್ಕಿತು, ಈಗ ಅಲ್ಲಿನ ಸಂಗ್ರಹಾಲಯದಲ್ಲಿದೆ. ಹೆಂಗಸೊಬ್ಬಳು ಬೆತ್ತದ ಕುರ್ಚಿಯಲ್ಲಿ ಕೂತಿದ್ದಾಳೆ. ಒಂದು ಪಕ್ಕ ಉಣ್ಣೆಯ ಉಂಡೆಗಳ ಬುಟ್ಟಿ, ಇನ್ನೊಂದು ಪಕ್ಕ ಒಡವೆಯ ಪೆಟ್ಟಿಗೆ, ಕೈಯಲ್ಲಿ ನೂಲುವ ಕದಿರು. ಹೆಸರು ರೆಜಿನಾ, ವಯಸ್ಸು 30. ದಕ್ಷಿಣ ಇಂಗ್ಲೆಂಡಿನ, ಇಂದಿನ ಸೇಂಟ್ ಆಲ್ಬನ್ಸ್ ಸುತ್ತಮುತ್ತಲ ಕಟುವೆಲ್ಲೌನಿ ಕುಲದವಳು. ಹೇಗೆ ಗುಲಾಮಳಾದಳೆಂದು ಕಲ್ಲು ಹೇಳುವುದಿಲ್ಲ. ಅವಳನ್ನು ಬಿಡುಗಡೆ ಮಾಡಿ ಮದುವೆಯಾದವನು ಬಾರಾಟೆಸ್. ಸುಮಾರು 4,000 ಕಿಲೋಮೀಟರ್ ದೂರದ, ಸಿರಿಯಾದ ಮರಳುಗಾಡಿನ ಪಾಲ್ಮೀರಾದಿಂದ ಈ ಚಳಿಯ ಊರಿಗೆ ಬಂದವನು. ಮೇಲೆ ಲ್ಯಾಟಿನ್‌ನಲ್ಲಿ ಎಲ್ಲರೂ ಓದುವಂತೆ ಬರೆಸಿದ್ದಾನೆ. ಆ ಲ್ಯಾಟಿನ್‌ನಲ್ಲಿ ತಪ್ಪುಗಳಿವೆ. ಅದರ ಕೆಳಗೆ ತನ್ನ ಭಾಷೆಯಲ್ಲಿ, ತನ್ನ ಲಿಪಿಯಲ್ಲಿ, ಅಲ್ಲಿ ಬಹುಶಃ ಬೆರಳೆಣಿಕೆಯ ಜನ ಮಾತ್ರ ಓದಬಲ್ಲ ಒಂದು ಸಾಲು, ಸುಂದರವಾಗಿ, ತಪ್ಪಿಲ್ಲದೆ ಕೆತ್ತಲಾಗಿದೆ: ರೆಜಿನಾ, ಬಾರಾಟೆಸ್ ಬಿಡುಗಡೆ ಮಾಡಿದವಳು, ಅಯ್ಯೋ.

ಅಲ್ಲಿಂದ ಸುಮಾರು 40 ಕಿಲೋಮೀಟರ್ ಪಶ್ಚಿಮಕ್ಕೆ ಕಾರ್ಬ್ರಿಜ್‌ನಲ್ಲಿ ಪಾಲ್ಮೀರಾದವನೊಬ್ಬನ ಸರಳವಾದ ಸಮಾಧಿಕಲ್ಲು ಇದೆ. ಹೆಸರಿನ ಮೊದಲ ಅಕ್ಷರಗಳು ಒಡೆದಿವೆ. ಉಳಿದದ್ದು ಬಾರಾಟೆಸ್ ಎಂಬ ಹೆಸರಿಗೆ ಹೊಂದುತ್ತದೆ. ಇವನೇ ಅವನೆಂದು ಕೆಲವರು, ಅಲ್ಲವೆಂದು ಕೆಲವರು. ವಯಸ್ಸು 68 ಎಂದಿದೆ. ಚಿತ್ರವಿಲ್ಲ, ಅವನ ಭಾಷೆಯ ಸಾಲೂ ಇಲ್ಲ.